ಕರಡಿಯ ಒಳಗೆ ಯಾರೂ ಇಲ್ಲ

ಪೆಟ್ಟಾಗಿದ್ದು ಕರಡಿಗೆ, ಹೆಂಗಸಿಗಲ್ಲ. ಇದು ಕಂಪನಿಯ ವಾದ. ನಗಬೇಡಿ. ಮೂರು ಪುಟ ಟೈಪ್ ಮಾಡಿಸಿ, ಪ್ರತಿ ಪುಟಕ್ಕೂ ಸೀಲು ಒತ್ತಿಸಿಕೊಂಡು ಬಂದಿದ್ದರು.

ನಾನು ಕಾರ್ಮಿಕರ ಪರಿಹಾರದ ಕಚೇರಿಯಲ್ಲಿ ಮಧ್ಯಸ್ಥಿಕೆ ಮಾಡುವವಳು. ಕೆಲಸ ಮಾಡುವಾಗ ಕೈಕಾಲು ಮುರಿದುಕೊಂಡವರು ಒಂದು ಕೋಣೆಯಲ್ಲಿ ಕೂರುತ್ತಾರೆ. ಮುರಿದೇ ಇಲ್ಲ ಅನ್ನುವವರು ಇನ್ನೊಂದು ಕೋಣೆಯಲ್ಲಿ ಕೂರುತ್ತಾರೆ. ನಡುವೆ ಹದಿನೆಂಟು ಹೆಜ್ಜೆಯ ಕಾರಿಡಾರು. ಇವರ ಮಾತು ಅಲ್ಲಿಗೆ ಹೊರುತ್ತೇನೆ, ಅವರ ಮಾತು ಇಲ್ಲಿಗೆ ಹೊರುತ್ತೇನೆ. ಇಪ್ಪತ್ತೆರಡು ವರ್ಷದಿಂದ ಇದೇ. ನನ್ನ ಸ್ವಂತ ಮಾತು ಒಂದೂ ಸೇರಿಸುವಂತಿಲ್ಲ. ಮುಖದಲ್ಲಿ ಏನೂ ಕಾಣಿಸುವಂತಿಲ್ಲ. ನನ್ನ ಗಂಡ ಕೇಳುತ್ತಾನೆ, "ಅಂದ್ರೆ ಪೋಸ್ಟ್‌ಮ್ಯಾನ್ ಕೆಲಸ ತಾನೆ?" ಅಂತ. ಪೋಸ್ಟ್‌ಮ್ಯಾನಿಗೆ ಸೈಕಲ್ಲಾದರೂ ಇರುತ್ತದೆ. ನಡೆದೂ ನಡೆದೂ ನನ್ನ ಎರಡೂ ಮಂಡಿ ಸವೆದಿವೆ. ಅದಕ್ಕೆ ಪರಿಹಾರ ಕೇಳೋಣವೆಂದರೆ ನಾನು ಗುತ್ತಿಗೆಯವಳು, ಅರ್ಜಿ ಹಾಕುವ ಹಕ್ಕೇ ಇಲ್ಲ. ಯಾವ ಕಚೇರಿಯಲ್ಲಿ ಇದ್ದುಕೊಂಡು ಈ ಮಾತು ಹೇಳುತ್ತಿದ್ದೇನೆ ನೋಡಿ!

ಕಂಪನಿಯವರ ಕೋಣೆಯಲ್ಲಿ ಮೆತ್ತನೆ ಕುರ್ಚಿ, ಎರಡು ಫ್ಯಾನು. ಕೆಲಸದವರ ಕೋಣೆಯಲ್ಲಿ ಮೂರು ಪ್ಲಾಸ್ಟಿಕ್ ಕುರ್ಚಿ. ಅದರಲ್ಲೊಂದರ ಕಾಲು ಮುರಿದು ತಂತಿಯಲ್ಲಿ ಬಿಗಿದಿದ್ದೇವೆ. ಅವತ್ತು ಆ ಕುರ್ಚಿಯ ಮೇಲೇ ಅವಳು ಕೂತಿದ್ದಳು. ವಯಸ್ಸು ಐವತ್ತರ ಹತ್ತಿರ. ಬಲಗಾಲು ತೊಡೆಯಿಂದ ಪಾದದವರೆಗೆ ಬ್ಯಾಂಡೇಜು. ಕಂಕುಳಲ್ಲಿ ಎರಡು ಊರುಗೋಲು. ಪಕ್ಕದಲ್ಲಿ ಅವಳ ನಾದಿನಿ. ಈ ನಾದಿನಿ "ಅತ್ತಿಗೆ, ನೀರು ಕುಡೀರಿ", "ಅತ್ತಿಗೆ, ಕಾಲು ಚಾಚಿ" ಅಂತ ಅದೆಷ್ಟು ಸಲ ಅಂದಳೆಂದರೆ ಸ್ವಲ್ಪ ಹೊತ್ತಿಗೆ ನನ್ನ ಮನಸ್ಸಿನಲ್ಲೂ ಅವಳು ಅತ್ತಿಗೆಯೇ ಆಗಿಬಿಟ್ಟಳು.

ಅತ್ತಿಗೆ ಕೆಲಸ ಮಾಡುತ್ತಿದ್ದದ್ದು ಆಟಿಕೆ ಅಂಗಡಿಯಲ್ಲಿ. ಅಂಗಡಿ ಅಂದರೆ ನಾಲ್ಕು ಮಹಡಿ. ಮುಂದುಗಡೆ ಹನ್ನೊಂದು ಅಮೃತಶಿಲೆಯ ಮೆಟ್ಟಿಲು. ಬೆಳಗ್ಗೆ ಐದಕ್ಕೆ ಹೋಗಿ ಆ ಮೆಟ್ಟಿಲು ಒರೆಸಬೇಕು. ಒಂಬತ್ತರ ನಂತರ ಕಸ ಗುಡಿಸುವವರು ಆ ಮೆಟ್ಟಿಲ ಮೇಲೆ ಕಾಲಿಡುವಂತಿಲ್ಲ. ಹಿಂದಿನ ಕಸದ ದಾರಿಯಲ್ಲೇ ಓಡಾಡಬೇಕು. ಕುಡಿಯುವ ನೀರಿನ ನಲ್ಲಿ ಮುಟ್ಟುವಂತಿಲ್ಲ. ಒಮ್ಮೆ ಅತ್ತಿಗೆ ತನ್ನ ಬಾಟಲಿಯನ್ನು ನಲ್ಲಿಯ ಪಕ್ಕ ಇಟ್ಟಿದ್ದಕ್ಕೆ ಮಾಲೀಕರ ತಾಯಿ ನಲ್ಲಿಯನ್ನೇ ತೊಳೆಸಿದರು. ತೊಳೆದದ್ದು ಯಾರು? ಅತ್ತಿಗೆಯೇ.

ಆ ಅಂಗಡಿಗೊಂದು ಕರಡಿ ಇತ್ತು. ಕಂದು ಬಣ್ಣ, ಗುಂಡು ಹೊಟ್ಟೆ, ಕೆಂಪು ಬೋ. ಬಾಗಿಲಲ್ಲಿ ನಿಂತು ಮಕ್ಕಳಿಗೆ ಕೈ ಬೀಸುವ ಕರಡಿ. ಅದನ್ನು ಹಾಕಿಕೊಳ್ಳುತ್ತಿದ್ದವನು ಬೆವರು ತಡೆಯಲಾರದೆ ಕೆಲಸ ಬಿಟ್ಟು ಹೋದ. ಮ್ಯಾನೇಜರು ಅತ್ತಿಗೆಯನ್ನು ಕರೆದು, "ಎರಡು ದಿನ ನೀನೇ ಹಾಕ್ಕೋ, ಹೊಸಬ ಬರ್ತಾನೆ" ಅಂದರು. ಹೊಸಬ ಬರಲಿಲ್ಲ. ಎರಡು ದಿನ ನಾಲ್ಕು ತಿಂಗಳಾಯಿತು. ಮಧ್ಯಾಹ್ನದವರೆಗೆ ಪೊರಕೆ, ಮಧ್ಯಾಹ್ನದ ಮೇಲೆ ಕರಡಿ.

"ಕರಡಿಯಾದ ಮೇಲೆ ಮುಂದಿನ ಮೆಟ್ಟಿಲು ಹತ್ತಬಹುದಿತ್ತು ಮೇಡಂ," ಅಂದಳು ಅತ್ತಿಗೆ. "ಲಿಫ್ಟಲ್ಲೂ ಹೋಗಬಹುದಿತ್ತು. ಎಲ್ರೂ ಬಂದು ತಬ್ಬಿಕೊಳ್ಳೋರು. ಮಾಲೀಕರ ತಾಯಿ ತಮ್ಮ ಬರ್ತ್‌ಡೇ ದಿನ ಬಂದು ನನ್ನ ಕೆನ್ನೆಗೆ ಮುತ್ತು ಕೊಟ್ರು."

"ನಲ್ಲಿ ತೊಳೆಸಿದೋರು," ಅಂದಳು ನಾದಿನಿ. "ಹೋಗಿ ಬಾಯಿ ತೊಳ್ಕೊಳ್ಳಿ ಅಜ್ಜಿ ಅನ್ಬೇಕಿತ್ತು ನೀವು."

"ಕರಡಿ ಮಾತಾಡಬಾರದಲ್ವೇನೆ."

ನನಗೆ ನಗು ಬಂತು. ನಗುವಂತಿಲ್ಲ. ಕೆಮ್ಮಿದೆ.

ಬಿದ್ದದ್ದು ಹೀಗೆ. ದೊಡ್ಡ ರಿಯಾಯಿತಿಯ ದಿನ, ಸಂಜೆ ನಾಲ್ಕು ಗಂಟೆ, ಜನಜಂಗುಳಿ. ಕರಡಿಯ ಕಣ್ಣು ಬರೀ ಗಾಜು, ಅದರಲ್ಲಿ ಏನೂ ಕಾಣುವುದಿಲ್ಲ. ನೋಡಬೇಕಾದ್ದು ಬಾಯಿಯ ಸೀಳಿನಿಂದ. ಅದರಲ್ಲಿ ಎದುರಿಗಿದ್ದವರ ಬೂಟು ಮಾತ್ರ ಕಾಣುತ್ತದೆ. ಮೇಲಿನ ತುದಿಯ ಮೆಟ್ಟಿಲಲ್ಲಿ ಯಾವುದೋ ಮಗು ಓಡಿ ಬಂದು ಕಾಲು ತಬ್ಬಿತು. ಮಗುವನ್ನು ತುಳಿಯಬಾರದೆಂದು ಅತ್ತಿಗೆ ಪಕ್ಕಕ್ಕೆ ಕಾಲಿಟ್ಟಳು. ಕಾಲಿಗೆ ಮೆಟ್ಟಿಲು ಸಿಗಲಿಲ್ಲ. ಹನ್ನೊಂದೂ ಮೆಟ್ಟಿಲು ಉರುಳಿ ಕೆಳಗೆ ಬಿದ್ದಳು. ಮಂಡಿಚಿಪ್ಪು ಎರಡು ಹೋಳಾಯಿತು.

"ಕಿರುಚಿದೆ ಮೇಡಂ. ಯಾರಾದ್ರೂ ಹಿಡೀರಪ್ಪಾ, ಸತ್ತೇ ಅಂತ ಕಿರುಚಿದೆ. ಒಳಗೆ ನಾಲ್ಕು ಬೆರಳು ದಪ್ಪ ಸ್ಪಂಜು. ನನ್ನ ದನಿ ನನಗೇ ಕೇಳಿಸ್ತು. ತಲೆ ಬಿಚ್ಚೋಣ ಅಂದ್ರೆ ಲಾಡಿ ಬೆನ್ನಿಗಿರುತ್ತೆ, ಇನ್ನೊಬ್ರೇ ಬಿಚ್ಚಬೇಕು. ಅದಕ್ಕೇ ಕೈ ಎತ್ತಿ ಕರೆದೆ."

"ಆಮೇಲೆ?"

"ಎಲ್ರೂ ವಾಪಸ್ ಕೈ ಬೀಸಿದ್ರು."

ಇಪ್ಪತ್ತು ನಿಮಿಷ. ಜನ ಚಪ್ಪಾಳೆ ತಟ್ಟಿದರು. ಒಬ್ಬ ಪಕ್ಕದಲ್ಲೇ ಮಲಗಿ ಫೋಟೋ ತೆಗೆಸಿಕೊಂಡ. ಬಿದ್ದ ಕರಡಿ ಕೈ ಬೀಸುವ ವಿಡಿಯೋ ಊರೆಲ್ಲ ಸುತ್ತಿತು. ಈಗ ಒಂದು ಮಾತು ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿಟ್ಟುಕೊಂಡರೆ ಊಟ ಸೇರುವುದಿಲ್ಲ. ಆ ವಿಡಿಯೋ ನನಗೂ ಬಂದಿತ್ತು. ನಾನೂ ಬಿದ್ದು ಬಿದ್ದು ನಕ್ಕಿದ್ದೆ. ನಮ್ಮಕ್ಕನಿಗೂ ಕಳಿಸಿದ್ದೆ. ಥೂ ನನ್ನ!

ಅತ್ತಿಗೆಗೆ ಬೇಕಾಗಿದ್ದದ್ದು ಒಂದೇ ಒಂದು ಕಾಗದ. "ಕೆಲಸದ ವೇಳೆ ಪೆಟ್ಟಾಗಿದೆ" ಅಂತ ಕಂಪನಿ ಬರೆದುಕೊಡಬೇಕು. ಅದಿದ್ದರೆ ಕಾರ್ಮಿಕರ ಆಸ್ಪತ್ರೆಯಲ್ಲಿ ಸೋಮವಾರ ಆಪರೇಷನ್. ಅದಿಲ್ಲದಿದ್ದರೆ ಇಲ್ಲ. ಇನ್ನು ಹತ್ತು ದಿನ ಬಿಟ್ಟರೆ ಮೂಳೆ ಸೊಟ್ಟಗೆ ಕೂಡಿಕೊಳ್ಳುತ್ತದೆ, ಆಮೇಲೆ ಕಾಲು ಮಡಚಲು ಬರುವುದಿಲ್ಲ ಅಂತ ಡಾಕ್ಟರು ಹೇಳಿದ್ದರು. ಕಾಲು ಮಡಚದೆ ಕಸ ಗುಡಿಸುವುದು ಹೇಗೆ? ಅವತ್ತು ಶುಕ್ರವಾರ.

ಹದಿನೆಂಟು ಹೆಜ್ಜೆ ನಡೆದು ಕಂಪನಿಯ ಕೋಣೆಗೆ ಹೋದೆ. ಮ್ಯಾನೇಜರು ಮತ್ತು ವಕೀಲರು ಕಾಫಿ ಕುಡಿಯುತ್ತಿದ್ದರು. ಮ್ಯಾನೇಜರು ಇಸ್ತ್ರಿ ಮಾಡಿದ ಮನುಷ್ಯ. ವಕೀಲರಿಗೆ ಪ್ರತಿ ಮಾತಿಗೂ "ದಾಖಲೆ ಪ್ರಕಾರ" ಅನ್ನುವ ಚಟ.

"ದಾಖಲೆ ಪ್ರಕಾರ ಈಕೆ ಕಸ ಗುಡಿಸೋಳು," ಅಂದರು ವಕೀಲರು. "ಕಸ ಗುಡಿಸೋರು ಒಂಬತ್ತರ ಮೇಲೆ ಮುಂದಿನ ಮೆಟ್ಟಿಲಿಗೆ ಬರೋ ಹಾಗಿಲ್ಲ. ಈಕೆ ಸಂಜೆ ನಾಲ್ಕಕ್ಕೆ ಬಿದ್ದೆ ಅಂತಾಳೆ. ಬರೋ ಹಾಗೇ ಇಲ್ಲದ ಜಾಗದಲ್ಲಿ ಬೀಳೋದು ಹೇಗೆ?"

"ಕರಡಿ ಹಾಕ್ಕೊಂಡು ಬಂದಿದ್ರಂತೆ ಸರ್."

"ಕರಡಿ ಒಳಗೆ ಯಾರೂ ಇರಲ್ಲ," ಅಂದರು ಮ್ಯಾನೇಜರು.

ನಾನು ಅವರ ಮುಖ ನೋಡಿದೆ. ಆಸಾಮಿ ತಮಾಷೆ ಮಾಡುತ್ತಿರಲಿಲ್ಲ.

"ಅದು ನಮ್ಮ ಕಂಪನಿ ಪಾಲಿಸಿ. ಮಕ್ಕಳ ನಂಬಿಕೆ ಪ್ರಶ್ನೆ. ಒಳಗೆ ಮನುಷ್ಯ ಇದ್ದಾನೆ ಅಂತ ನಮ್ಮ ಸಿಬ್ಬಂದಿ ಯಾರೂ ಎಲ್ಲೂ ಹೇಳೋ ಹಾಗಿಲ್ಲ. ನಾನೂ ಹೇಳೋ ಹಾಗಿಲ್ಲ."

"ವಿಡಿಯೋ ನೋಡಿ," ಅಂದರು ವಕೀಲರು. "ಬಿದ್ದ ಮೇಲೂ ಕರಡಿ ಖುಷಿಯಾಗಿ ಕೈ ಬೀಸ್ತಾ ಇದೆ. ನೋವಾದೋರು ಕೈ ಬೀಸ್ತಾರಾ? ಅಷ್ಟೇ ಅಲ್ಲ, ನಮ್ಮ ಕಂಪನಿ ಎಷ್ಟು ಶಿಸ್ತು ಅನ್ನೋದಕ್ಕೆ ಇದೂ ಇಟ್ಕೊಳ್ಳಿ." ಒಂದು ಹಾಳೆ ಕೊಟ್ಟರು. ಮೇಲೆ "ಕರಡಿ ನಿಯಮಾವಳಿ" ಅಂತಿತ್ತು. ಕೆಳಗೆ ಮ್ಯಾನೇಜರ ಸಹಿ. ನಿಯಮ ಏಳು: ಯಾವ ಕಾರಣಕ್ಕೂ ಸಾರ್ವಜನಿಕರ ಮುಂದೆ ತಲೆ ತೆಗೆಯಬಾರದು, ತೆಗೆಸಬಾರದು. ನಿಯಮ ಎಂಟು: ಮಾತಾಡಬಾರದು. ನಿಯಮ ಒಂಬತ್ತು: ಯಾರು ಏನೇ ಕೇಳಿದರೂ ಕೈ ಬೀಸಬೇಕು.

"ಈ ನಿಯಮಗಳು ಯಾರಿಗೆ ಸರ್?"

"ಕರಡಿಗೆ."

ಇಂಥವರ ಮುಂದೆ ಮುಖದಲ್ಲಿ ಏನೂ ತೋರಿಸದೆ ನಿಲ್ಲುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಕಡಿಮೆ ಕೊಡುತ್ತಾರೆ.

ಕೊನೆಗೆ ವಕೀಲರು ಒಂದು ಒಪ್ಪಂದದ ಕಾಗದ ತಳ್ಳಿದರು. ಮಾನವೀಯತೆಯ ದೃಷ್ಟಿಯಿಂದ ಸ್ವಲ್ಪ ಸಹಾಯಧನ. ಬದಲಿಗೆ ಅತ್ತಿಗೆ ಸಹಿ ಹಾಕಬೇಕು: ತಾನು ಕರಡಿಯೊಳಗೆ ಇರಲಿಲ್ಲ, ತನ್ನ ಮನೆಯ ಬಚ್ಚಲಲ್ಲಿ ಜಾರಿ ಬಿದ್ದೆ.

ಹದಿನೆಂಟು ಹೆಜ್ಜೆ ವಾಪಸ್ ಬಂದು ಮೊದಲು ಕರಡಿ ನಿಯಮಾವಳಿ, ಆಮೇಲೆ ಈ ಒಪ್ಪಂದ ಓದಿ ಹೇಳಿದೆ.

"ಬಚ್ಚಲಾ?" ನಾದಿನಿ ಎದ್ದೇ ನಿಂತಳು. "ನಮ್ಮನೇಲಿ ಬಚ್ಚಲೇ ಇಲ್ಲ ಮೇಡಂ! ಬೀದಿ ಕೊನೇಲಿ ಹದಿನಾರು ಮನೆಗೆ ಒಂದಿದೆ. ಜಾರಿ ಬೀಳೋಕೂ ಅಲ್ಲಿ ಸಾಲಲ್ಲಿ ನಿಲ್ಲಬೇಕು. ಮೊದಲು ಬಚ್ಚಲು ಕಟ್ಟಿಸಿಕೊಡಿ, ಆಮೇಲೆ ಬೀಳ್ತೀವಿ ಅಂತ ಹೇಳಿ ಅವ್ರಿಗೆ."

"ಹಾಗೇ ಹೇಳ್ಲಾ?"

"ಹಾಗೇ ಹೇಳಿ."

ಹೋಗಿ ಹಾಗೇ ಹೇಳಿದೆ. ಒಂದಕ್ಷರ ಸೇರಿಸಲಿಲ್ಲ, ಒಂದಕ್ಷರ ಬಿಡಲಿಲ್ಲ. ಮ್ಯಾನೇಜರು ಕೆಂಪಾದರು. "ಸಾಕು. ಸಾಕ್ಷಿ ತೋರಿಸಿಬಿಡೋಣ," ಅಂತ ಎದ್ದರು. ಕಾರಿನಿಂದ ದೊಡ್ಡ ರಟ್ಟಿನ ಪೆಟ್ಟಿಗೆ ತರಿಸಿದರು. ಇಬ್ಬರೂ ಅದರ ಜೊತೆ ಕೆಲಸದವರ ಕೋಣೆಗೇ ಬಂದರು. ಪೆಟ್ಟಿಗೆ ತೆರೆದರೆ ಕೆಂಪು ಬೋ ಸಮೇತ ಕರಡಿಯ ತಲೆ! ಜೊತೆಗೆ ಎರಡು ಪಂಜ. ತಲೆ ಮೇಜಿನ ಮೇಲೆ ಕೂತು ನಮ್ಮೆಲ್ಲರನ್ನೂ ನೋಡಿ ನಗುತ್ತಿತ್ತು.

"ಆರು ಕೇಜಿ ತೂಕ," ಅಂದರು ವಕೀಲರು. "ಇದು ಆರಡಿ ಗಂಡಸಿಗೆ ಮಾಡಿಸಿದ್ದು. ಈಕೆ ಐದಡಿನೂ ಇಲ್ಲ. ಹಾಕ್ಕೊಂಡು ತೋರಿಸಲಿ, ಕುತ್ತಿಗೆ ನಿಲ್ಲುತ್ತಾ ನೋಡೋಣ."

ಅತ್ತಿಗೆ ತಲೆಯನ್ನು ತೊಡೆ ಮೇಲೆ ತಗೊಂಡಳು. ಒಳಗೆ ಕೈ ಹಾಕಿ ನೆತ್ತಿಯ ಜಾಗದಿಂದ ಒಂದು ಸಿಂಬೆ ತೆಗೆದಳು. ತಲೆ ಮೇಲೆ ಭಾರ ಹೊರುವವರು ಬಟ್ಟೆ ಸುತ್ತಿ ಮಾಡಿಕೊಳ್ಳುತ್ತಾರಲ್ಲ, ಅಂಥ ಸಿಂಬೆ. ನೀಲಿ ಬಟ್ಟೆಯದು. ಮೂಲೆಯಲ್ಲಿ ಅಂಗಡಿಯ ಗುರುತು. ಕಸದವರ ಸಮವಸ್ತ್ರದ ತುಂಡು. ಅವಳ ಮೈಮೇಲೂ ಅದೇ ನೀಲಿ ಬಟ್ಟೆಯ ಅಂಗಿ ಇತ್ತು. ಬೆವರಿಗೆ ಸಿಂಬೆ ಬೆಳ್ಳಗೆ ಉಪ್ಪುಗಟ್ಟಿತ್ತು.

"ದೊಡ್ಡದಾಗ್ತಿತ್ತು. ಅದಕ್ಕೇ ಇಟ್ಕೊಂಡಿದ್ದೆ," ಅಂದಳು.

ನಾಲ್ಕು ತಿಂಗಳಿನಿಂದ ಕರಡಿಯನ್ನು ಹೊರಗಿನಿಂದ ದಿನಾ ಬ್ರಷ್ ಮಾಡಿಸಿದ್ದರು. ಶಾಂಪೂ ಹಾಕಿಸಿದ್ದರು. ಒಬ್ಬನೇ ಒಬ್ಬನೂ ಒಳಗೆ ಇಣುಕಿರಲಿಲ್ಲ. ಅಲ್ಲಿ ಯಾರೂ ಇಲ್ಲವಲ್ಲ, ಇಣುಕುವುದು ಯಾಕೆ?

"ಯಾರೋ ಬೇಕಂತ ತುರುಕಿರಬಹುದು," ಅಂದರು ವಕೀಲರು. "ದಾಖಲೆ ಪ್ರಕಾರ ಇದು ಏನೂ ಸಾಬೀತು ಮಾಡಲ್ಲ."

ನನ್ನ ಕೈ ಮುಷ್ಟಿಯಾಯಿತು. ಬೆನ್ನ ಹಿಂದೆ ಕಟ್ಟಿಕೊಂಡೆ.

ಅತ್ತಿಗೆ ಸಿಂಬೆಯನ್ನು ಮತ್ತೆ ಒಳಗಿಟ್ಟಳು. ತಲೆಯನ್ನು ಎತ್ತಿ ಹಾಕಿಕೊಂಡಳು. ಕೈಗೆ ಪಂಜ ತೊಟ್ಟಳು. "ಲಾಡಿ ಬಿಗಿ," ಅನ್ನುವ ಹಾಗೆ ನಾದಿನಿಗೆ ಬೆನ್ನು ಕೊಟ್ಟಳು. ನಾದಿನಿ ಹಲ್ಲು ಕಚ್ಚಿ ಎಂಟು ಗಂಟು ಹಾಕಿದಳು. ಕುತ್ತಿಗೆ ನಿಂತಿತು. ಎಷ್ಟು ನೆಟ್ಟಗೆ ನಿಂತಿತೆಂದರೆ, ವಕೀಲರು ಒಂದು ಹೆಜ್ಜೆ ಹಿಂದೆ ಹೋದರು.

"ಸರಿ ಸರಿ, ನೋಡಿದ್ವಿ. ತೆಗಿ ಈಗ. ಸಹಿ ಮಾಡ್ತೀಯೋ ಇಲ್ವೋ?"

ಕರಡಿ ಕೈ ಬೀಸಿತು.

"ಹಾಗಂದ್ರೆ? ಹೌದಾ, ಅಲ್ವಾ?"

ಕರಡಿ ಕೈ ಬೀಸಿತು.

"ನಿಯಮ ಎಂಟು, ನಿಯಮ ಒಂಬತ್ತು," ಅಂದಳು ನಾದಿನಿ. ನಾನು ಓದಿ ಹೇಳುವಾಗ ಕೇಳಿಸಿಕೊಂಡಿದ್ದಳು, ಕಿಲಾಡಿ.

ಇಬ್ಬರೂ ಕಾಲು ಅಪ್ಪಳಿಸಿಕೊಂಡು ತಮ್ಮ ಕೋಣೆಗೆ ಹೋದರು. ಹೋದವರು ನನ್ನನ್ನು ಕರೆದು, ಸಹಾಯಧನ ಒಂದೂವರೆ ಪಟ್ಟು ಮಾಡುತ್ತೇವೆ, ಬಚ್ಚಲಿನ ಮಾತು ಮಾತ್ರ ಬಿಡುವುದಿಲ್ಲ ಅಂದರು. ಬಂದು ಕರಡಿಗೆ ಹೇಳಿದೆ. ಕರಡಿ ಕೈ ಬೀಸಿತು. ಹದಿನೆಂಟು ಹೆಜ್ಜೆ ಹೋದೆ. ಬಾಗಿಲಲ್ಲಿ ನಿಂತು ನಾನೂ ಕೈ ಬೀಸಿದೆ.

"ಏನ್ರೀ ಇದು?" ಅಂದರು ವಕೀಲರು.

"ಉತ್ತರ ಸರ್. ಹೇಗೆ ಕೊಟ್ರೋ ಹಾಗೇ ತಂದಿದ್ದೀನಿ."

"ಅದರ ಅರ್ಥ?"

"ಅರ್ಥ ಹೇಳೋ ಅಧಿಕಾರ ನನಗಿಲ್ಲ ಸರ್."

ಎರಡು ಪಟ್ಟು ಮಾಡಿದರು. ಹೋದೆ, ಬಂದೆ, ಕೈ ಬೀಸಿದೆ. ಮೂರನೇ ಸಲ ಎರಡೂ ಕೈ ಬೀಸಿದೆ, ಯಾಕೆಂದರೆ ಕರಡಿಯೂ ಎರಡೂ ಕೈ ಬೀಸಿತ್ತು. ನನ್ನ ಮಂಡಿ ಚುರುಗುಟ್ಟುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಆ ಕಾರಿಡಾರಿನಲ್ಲಿ ಅಷ್ಟು ಖುಷಿಯಿಂದ ನಾನು ನಡೆದಿರಲಿಲ್ಲ.

ನಾಲ್ಕನೇ ಸಲ ಬಂದಾಗ ಕೆಲಸದವರ ಕೋಣೆ ಖಾಲಿ. ಕರಡಿ ಊರುಗೋಲು ಊರಿಕೊಂಡು ಕಾರಿಡಾರಿಗೆ ಹೋಗಿ ಬೆಂಚಿನ ಮೇಲೆ ಕೂತಿತ್ತು. ಆ ಬೆಂಚಿನಲ್ಲಿ ತಮ್ಮ ಸರದಿಗೆ ಕಾಯುವವರು ಇರುತ್ತಾರೆ. ಒಂದು ಪಕ್ಕ ಕೈಗೆ ಜೋಲಿ ಕಟ್ಟಿಕೊಂಡ ಗಾರೆ ಕೆಲಸದವನು. ಇನ್ನೊಂದು ಪಕ್ಕ ಎರಡು ಬೆರಳು ಕಳೆದುಕೊಂಡ ಪ್ರೆಸ್ಸಿನವಳು. ನಡುವೆ ದಪ್ಪ ತಲೆಯ, ಕೆಂಪು ಬೋ ಕಟ್ಟಿದ ಕರಡಿ, ಬ್ಯಾಂಡೇಜಿನ ಕಾಲು ಚಾಚಿಕೊಂಡು. ಗಾರೆಯವನ ಪುಟ್ಟ ಮಗಳು ಕರಡಿಯ ಬ್ಯಾಂಡೇಜನ್ನು ಮೆಲ್ಲಗೆ ಸವರಿ, "ಅಪ್ಪಾ, ಕರಡೀಗೂ ಕೆಲಸದಲ್ಲಿ ಪೆಟ್ಟಾಗಿದೆ" ಅಂದಳು. ಆ ಮೂರು ಪುಟದ ವಾದವನ್ನು ಮಗು ಒಂದೇ ಉಸಿರಿಗೆ ಮುಗಿಸಿಬಿಟ್ಟಿತು.

ಎಲ್ಲರೂ ಫೋನು ತೆಗೆದರು. ಕಚೇರಿಯ ಗುಮಾಸ್ತರು ಫೈಲು ಬಿಟ್ಟು ಓಡಿ ಬಂದರು. ಬೆಂಚಿನ ಹಿಂದಿನ ಗೋಡೆಯಲ್ಲಿ ದಪ್ಪಕ್ಷರದ ಬೋರ್ಡು: "ಗಾಯಗೊಂಡ ಕಾರ್ಮಿಕರು ಇಲ್ಲಿ ಕುಳಿತುಕೊಳ್ಳುವುದು." ಫೋಟೋದಲ್ಲಿ ಅದೂ ಬೀಳುತ್ತಿತ್ತು.

ಗಲಾಟೆ ಕೇಳಿ ಮ್ಯಾನೇಜರು ಹೊರಗೆ ಬಂದರು. ಮುಖ ಸುಣ್ಣದ ಗೋಡೆ.

"ಅಯ್ಯೋ! ಮೊದಲು ತಲೆ ತೆಗಿ! ತೆಗಿ ಅಂದೆ!"

ಕರಡಿ ಕೈ ಬೀಸಿತು. ಮ್ಯಾನೇಜರು ಲಾಡಿಗೆ ಕೈ ಹಾಕಲು ಹೋದರು. ನಾನು ಹಾಳೆ ಎತ್ತಿ ಹಿಡಿದೆ.

"ನಿಯಮ ಏಳು ಸರ್. ಸಾರ್ವಜನಿಕರ ಮುಂದೆ ತೆಗೆಯಬಾರದು, ತೆಗೆಸಬಾರದು. ನಿಮ್ಮದೇ ಸಹಿ."

"ಮಕ್ಕಳ ನಂಬಿಕೆ ಪ್ರಶ್ನೆ," ಅಂದಳು ನಾದಿನಿ.

ಮ್ಯಾನೇಜರ ಫೋನು ಆಗಲೇ ಹೊಡೆದುಕೊಳ್ಳತೊಡಗಿತ್ತು. ಮಾಲೀಕರದು. ತೆಗೆಯಲಿಲ್ಲ. ವಕೀಲರು ಬಂದು ಕರಡಿಯ ಮುಂದೆ ಬಗ್ಗಿದರು. ಬೆಳಗ್ಗೆಯಿಂದ "ಈಕೆ", "ಅವಳು", "ನೀನು" ಅನ್ನುತ್ತಿದ್ದ ಮನುಷ್ಯ ಕೈ ಜೋಡಿಸಿದರು.

"ಅಮ್ಮಾ, ದಯವಿಟ್ಟು ಒಳಗೆ ಬನ್ನಿ. ಏನು ಬೇಕು ಹೇಳಿಮ್ಮಾ."

ಆಗ ನನ್ನ ಬಾಯಿ ತೆರೆಯಿತು. ತೆರೆಯಬಾರದಿತ್ತು. ಸ್ವಂತ ಮಾತು ಸೇರಿಸುವಂತಿಲ್ಲ. ಸೇರಿಸಿದರೆ ಕೆಲಸ ಹೋಗುತ್ತದೆ, ಗುತ್ತಿಗೆಯವಳು, ಕೇಳುವವರೂ ಇಲ್ಲ. ಹೋದರೆ ಹೋಗಲಿ ಹಾಳಾದ್ದು.

"ಯಾರಿಗೆ ಅಮ್ಮಾ ಅಂತಿದ್ದೀರಿ ಸರ್? ಒಳಗೆ ಯಾರೂ ಇಲ್ವಲ್ಲ!"

ಕಾರಿಡಾರು ನಕ್ಕಿತು. ಗಾರೆಯವನು ಜೋಲಿಯ ಕೈ ನೋವನ್ನೂ ಮರೆತು ನಕ್ಕ. ವಕೀಲರು ನನ್ನನ್ನು ನುಂಗುವ ಹಾಗೆ ನೋಡಿದರು. ನೋಡಲಿ ಬಿಡಿ. "ನೀವು ಕರಡಿ ಹತ್ರ ಮಾತಾಡ್ಬೇಕು ಅಂದ್ರೆ," ನಾನು ಮುಂದುವರಿಸಿದೆ, "ಮೊದಲು ಒಳಗೊಬ್ರು ಇದ್ದಾರೆ ಅಂತ ಬರೆದುಕೊಡಿ. ಒಂದು ಸಾಲು. ಇಲ್ಲೇ, ಈ ಬೆಂಚಿನ ಮೇಲೇ."

ಬರೆದರು. ವಕೀಲರು ಹೇಳಿದರು, ಮ್ಯಾನೇಜರು ಬರೆದರು. ಅಂಗಡಿಯ ಕರಡಿಯ ಒಳಗೆ ಈಕೆ ಇದ್ದರು. ಕೆಲಸದ ವೇಳೆ, ಮುಂದಿನ ಮೆಟ್ಟಿಲ ಮೇಲೆ, ಪೆಟ್ಟಾಗಿದೆ. ಚಿಕಿತ್ಸೆಯ ಜವಾಬ್ದಾರಿ ಕಂಪನಿಯದು. ನಾದಿನಿ ಓದಿಸಿ ಕೇಳಿಸಿಕೊಂಡಳು. "ಮುಂದಿನ ಮೆಟ್ಟಿಲ ಮೇಲೆ" ಅನ್ನುವುದನ್ನು ಎರಡು ಸಲ ಓದಿಸಿದಳು.

ಈಗ ಅತ್ತಿಗೆಯ ಸಹಿ ಬೇಕು. ಕರಡಿಯ ಪಂಜದಲ್ಲಿ ಪೆನ್ನು ನಿಲ್ಲುವುದಿಲ್ಲ. ಕರಡಿ ಬಲಗೈ ಚಾಚಿತು. ಚಾಚಿದ್ದು ನಾದಿನಿಯ ಕಡೆಗಲ್ಲ, ಮ್ಯಾನೇಜರ ಕಡೆಗೆ. ಅವರು ಅತ್ತಿತ್ತ ನೋಡಿದರು. ಬೇರೆ ದಾರಿಯಿರಲಿಲ್ಲ. ಎರಡೂ ಕೈಯಲ್ಲಿ ಪಂಜ ಹಿಡಿದು ಎಳೆದರು. ಬಿಗಿಯಾಗಿತ್ತು, ಬರಲಿಲ್ಲ. ಮಂಡಿಯೂರಿ ಕೂತು ಎಳೆದರು. ಪಂಜ ಬಂತು. ಒಳಗಿನಿಂದ ಒಂದು ಕೈ ಬಂತು. ಬೆವರಿನಲ್ಲಿ ನೆನೆದು ಸುಕ್ಕಾದ ಬೆರಳು. ಪೊರಕೆ ಹಿಡಿದೂ ಹಿಡಿದೂ ಜಡ್ಡುಗಟ್ಟಿದ ಅಂಗೈ. ಫಿನಾಯಿಲಿಗೆ ಸುಲಿದ ಉಗುರು. ಮ್ಯಾನೇಜರು ಅದನ್ನು ಹಿಡಿದುಕೊಂಡೇ ಇದ್ದರು, ಬಿಡಲೂ ಗೊತ್ತಾಗದೆ.

ಅತ್ತಿಗೆ ಕೈ ಬಿಡಿಸಿಕೊಂಡು ಸಹಿ ಮಾಡಿದಳು. ಆಮೇಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ಎಂಟು ಗಂಟು ಬಿಚ್ಚಿ, ತಲೆ ತೆಗೆದೆವು. ನನಗೆ ಅವಳು ನಗುತ್ತಿರುತ್ತಾಳೆ ಅಂತಿತ್ತು. ಮುಖ ಪೂರ್ತಿ ಒದ್ದೆ. ಅದರಲ್ಲಿ ಬೆವರೆಷ್ಟು, ಕಣ್ಣೀರೆಷ್ಟು ನನಗೆ ತಿಳಿಯಲಿಲ್ಲ. ಸಿಂಬೆಯನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ತಲೆ ವಾಪಸ್ ತಗೊಳ್ಳಲು ಬಂದ ಮ್ಯಾನೇಜರು, "ಅದು ಕಂಪನಿ ಬಟ್ಟೆ..." ಅಂತ ಶುರು ಮಾಡಿದವರು, ನಾದಿನಿಯ ಮುಖ ನೋಡಿ ನಿಲ್ಲಿಸಿದರು.

ಸೋಮವಾರದ ಆಪರೇಷನ್ ಕಾಗದವನ್ನು ಮಡಚಿ ರವಿಕೆಯೊಳಗಿಟ್ಟುಕೊಂಡು ಅವರು ಹೊರಟರು. ನಾದಿನಿ ಗಾಡಿ ಹಿಡಿಯಲು ರಸ್ತೆಗೆ ಓಡಿದಳು. ನಾನು ಕಾರಿಡಾರಿನಲ್ಲಿ ಗಾರೆಯವನ ಫೈಲು ಹುಡುಕುತ್ತಿದ್ದೆ. ಮೇಲಧಿಕಾರಿ ಕರೆಯುತ್ತಿದ್ದಾರೆ ಅಂತ ಗುಮಾಸ್ತ ಬಂದು ಹೇಳಿದ. ಯಾಕೆಂದು ನನಗೆ ಗೊತ್ತಿತ್ತು.

ನಮ್ಮ ಕಚೇರಿಯ ಮುಂದೆ ಆರು ಮೆಟ್ಟಿಲಿವೆ. ಅತ್ತಿಗೆ ಎರಡನೇ ಮೆಟ್ಟಿಲಲ್ಲಿ ನಿಂತಿದ್ದಳು. ಕರಡಿ ಇಲ್ಲ, ಪಂಜ ಇಲ್ಲ. ನಮ್ಮ ಕಡೆ ತಿರುಗಿ ಕೈ ಎತ್ತಿ ಬೀಸಿದಳು.

ಬೆಂಚಿನವರೆಲ್ಲ ನಗುತ್ತಾ ವಾಪಸ್ ಕೈ ಬೀಸಿದರು. ಆ ಪುಟ್ಟ ಹುಡುಗಿ ಎರಡೂ ಕೈ ಬೀಸಿದಳು. ನನ್ನ ಕೈಯೂ ಮೇಲೆ ಹೋಗಿತ್ತು.

ಅರ್ಧದಲ್ಲೇ ಇಳಿಸಿದೆ. ಫೈಲು ಎಸೆದು, ಸವೆದ ಮಂಡಿ ಎಳೆದುಕೊಂಡು ಓಡಿದೆ.

"ಕಾಲು ನಡುಗ್ತಿದೆ," ಅಂದಳು ಅತ್ತಿಗೆ. "ಹಿಡ್ಕೊಳ್ಳಿ ಅಂತ ಕರೆದೆ."

ಹಿಡಿದುಕೊಂಡೆ.